ಪುಸ್ತಕ ಕಪಾಟಿನಲ್ಲಿದೆ, ಪಟ್ಟಿಯಲ್ಲಿಲ್ಲ

ನೌಪಾಡಾದ ಒಂದು ಪುಟ್ಟ ಕೊಠಡಿಯಲ್ಲಿ ನಾವು ಕೆಲವರು ಸೇರಿ ಕನ್ನಡ ಪುಸ್ತಕಗಳ ಸಂಗ್ರಹವೊಂದನ್ನು ನಡೆಸುತ್ತಿದ್ದೇವೆ. ಊರು ಬಿಟ್ಟು ಬಂದ ಹಿರಿಯರು ಟ್ರಂಕಿನಲ್ಲಿ ತಂದ ಪುಸ್ತಕಗಳವು. ಅವರ ಕಾಲಾನಂತರ ಮಕ್ಕಳು ನಮಗೊಪ್ಪಿಸಿದವು. 1893ರಲ್ಲೇ ಮರಾಠಿ ಗ್ರಂಥಸಂಗ್ರಹಾಲಯವನ್ನು ಕಟ್ಟಿದ ಠಾಣೆಯಲ್ಲಿ ನಮ್ಮದು ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಅದರ ಪಟ್ಟಿಯಿರುವುದು ಹಳೆಯ ಗಣಕವೊಂದರ ಡೆಬಿಯನ್ ಲಿನಕ್ಸ್‌ನಲ್ಲಿ, ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದಲ್ಲಿ.

ಆ ಗಣಕವನ್ನು ಡೆಬಿಯನ್ 9ರಿಂದ 10ಕ್ಕೆ ಏರಿಸಿದ ಮೇಲೆ ಓದುಗರೊಬ್ಬರು ಪುಸ್ತಕವೊಂದನ್ನು ಕೇಳಿದರು. ಸಂಖ್ಯೆ ಕೊಟ್ಟು ಹುಡುಕಿದರೆ ‘ಇಲ್ಲ’ ಎಂಬ ಉತ್ತರ. ಪುಸ್ತಕ ಮಾತ್ರ ಕಣ್ಣೆದುರಿನ ಕಪಾಟಿನಲ್ಲೇ ಇತ್ತು!

ಕಾರಣ ಆಮೇಲೆ ತಿಳಿಯಿತು. ಅಕ್ಷರಗಳನ್ನು ಕ್ರಮವಾಗಿ ಜೋಡಿಸುವ ನಿಯಮವನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸ್‌ನ ‘ಜಿಲಿಬ್‌ಸಿ’ ಭಂಡಾರದಿಂದ ಪಡೆಯುತ್ತದೆ. 2018ರಲ್ಲಿ ಬಂದ ಅದರ 2.28ನೇ ಆವೃತ್ತಿಯಲ್ಲಿ ಆ ನಿಯಮ ಬದಲಾಯಿತು. ಇಂಗ್ಲಿಷ್ ಕ್ರಮದಲ್ಲಿ ಮೊದಲು ‘11’ರ ನಂತರ ಬರುತ್ತಿದ್ದ ‘1-1’, ಈಗ ಅದಕ್ಕಿಂತ ಮುಂಚೆ ಬರುತ್ತದೆ. ನಮ್ಮ ಪುಸ್ತಕಗಳ ಸಂಖ್ಯೆಗಳೆಲ್ಲ ಇಂಥ ಅಡ್ಡಗೆರೆಯವೇ. ಕಾರ್ಡುಗಳು ಹಳೆಯ ಕ್ರಮದಲ್ಲಿ, ಹುಡುಕುವವನು ಹೊಸ ಕ್ರಮದಲ್ಲಿ, ಸಿಗುವುದೆಂತು? ಇಂಡೆಕ್ಸನ್ನು ಹೊಸದಾಗಿ ಕಟ್ಟಿದ ಮೇಲೆ ಪುಸ್ತಕ ಸಿಕ್ಕಿತು.

ತಪ್ಪು ನಮ್ಮದೇ. ಪ್ಯಾಕೇಜ್ ಮ್ಯಾನೇಜರ್ ತರುವುದು ತಂತ್ರಾಂಶವನ್ನು. ದತ್ತಾಂಶದ ಹೊಣೆ ಅದರದಲ್ಲ. ಇದನ್ನು ನಾವು ಮರೆತಿದ್ದೆವು. 15ನೇ ಆವೃತ್ತಿಯೊಳಗಿನ ಸಣ್ಣ ತಿದ್ದುಪಡಿಗಳನ್ನು ‘ಆಪ್ಟ್’ನ ಒಂದು ಆಜ್ಞೆಯಿಂದಲೇ ಹಾಕಬಹುದು. ಆದರೆ ಡೆಬಿಯನ್ 12ರ 15ನೇ ಆವೃತ್ತಿಯಿಂದ ಡೆಬಿಯನ್ 13ರ 17ನೆಯದಕ್ಕೆ ಹೋಗುವಾಗ ಆಪ್ಟ್ ಹಳೆಯದನ್ನು ಮುಟ್ಟುವುದಿಲ್ಲ. ಅದರ ಪಕ್ಕದಲ್ಲೇ 5433ನೇ ಪೋರ್ಟಿನಲ್ಲಿ ಒಂದು ಖಾಲಿ ಸಂಚಯವನ್ನು ತೆರೆದಿಟ್ಟು ಸುಮ್ಮನಾಗುತ್ತದೆ. ಇದು ಅದರ ಕೊರತೆಯಲ್ಲ, ವಿವೇಕ. ಮನೆ ಬದಲಿಸುವಾಗ ಸಾಮಾನು ಸಾಗಿಸುವ ನಿರ್ಧಾರ ಮನೆಯವರದೇ ಆಗಿರಬೇಕಲ್ಲವೆ?

‘ನಡೆಯುತ್ತಿದೆ, ಮುಟ್ಟಬೇಡಿ’ ಎನ್ನುವವರು ನಮ್ಮಲ್ಲೂ ಇದ್ದಾರೆ. ಆದರೆ ಪೋಸ್ಟ್‌ಗ್ರೆಸ್‌ನ ಪ್ರತಿಯೊಂದು ಪ್ರಮುಖ ಆವೃತ್ತಿಗೂ ಐದು ವರ್ಷಗಳ ಆಯುಸ್ಸು. 9.6ರದು 2021ರ ನವೆಂಬರಿನಲ್ಲಿ ಮುಗಿಯಿತು. 13ರದು 2025ರ ನವೆಂಬರಿನಲ್ಲಿ. ಆಮೇಲೆ ಭದ್ರತೆಯ ತಿದ್ದುಪಡಿಗಳು ಬರುವುದಿಲ್ಲ. ಆದ್ದರಿಂದ ಮುಟ್ಟದಿರುವುದೂ ಅಪಾಯವೇ.

ಹೀಗಾಗಿ ನಮ್ಮಂಥ ಸಂಘಗಳು ಒಂದು ಕ್ರಮವನ್ನು ಪಾಲಿಸಬೇಕೆಂಬುದು ನಮ್ಮ ನಿಲುವು. ಮೊದಲು ಇಡೀ ದತ್ತಾಂಶದ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆಯಬೇಕು. ಅದನ್ನು ಇನ್ನೊಂದು ಗಣಕದಲ್ಲಿ ತುಂಬಿಸಿ ನೋಡಬೇಕು; ಮರಳಿ ತುಂಬಲಾಗದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಬಳಿಕ ಖಾಲಿ ಸಂಚಯವನ್ನು ತೆಗೆದು, ಡೆಬಿಯನ್‌ನ ‘ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್’ ಆಜ್ಞೆಯ ‘ಡಂಪ್’ ವಿಧಾನದಿಂದ ದತ್ತಾಂಶವನ್ನು ಸಾಗಿಸಬೇಕು. ಈ ವಿಧಾನದಲ್ಲಿ ಇಂಡೆಕ್ಸ್‌ಗಳು ಹೊಸದಾಗಿ ಕಟ್ಟಲ್ಪಡುತ್ತವೆ. ಕಡತಗಳನ್ನೇ ನಕಲಿಸುವ ಇನ್ನೊಂದು ವಿಧಾನ ಬೇಗ ಮುಗಿದೀತು, ಆದರೆ ಹಳೆಯ ಕ್ರಮವೂ ಜೊತೆಗೆ ಬಂದೀತು. ಕೊನೆಗೆ ದಾಖಲೆಗಳನ್ನು ಎಣಿಸಿ, ಕೆಲವು ಪುಸ್ತಕಗಳನ್ನು ಹುಡುಕಿ ನೋಡಿ, ಆಮೇಲಷ್ಟೇ ಹಳೆಯದನ್ನು ಅಳಿಸಬೇಕು. ಜೋಡಣೆಯ ನಿಯಮ ಬದಲಾದರೆ 15ನೇ ಆವೃತ್ತಿಯಿಂದೀಚೆಗೆ ಪೋಸ್ಟ್‌ಗ್ರೆಸ್ ತಾನೇ ಎಚ್ಚರಿಸುತ್ತದೆ. ಅದನ್ನು ಓದದೆ ಮುಂದೆ ಸಾಗಬಾರದು.

ಕೇಂದ್ರ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ಸರ್ಕಾರಿ ನೌಕರಿಯಲ್ಲಿರುವ ನಮಗೆ ಅದು ಸಂತೋಷದ ಸಂಗತಿ. ಆದರೆ ಪರವಾನಗಿಯ ಹಣ ಉಳಿಯಿತೆಂದು ದೇಖರೇಖಿಯ ಶ್ರಮ ಉಳಿಯುವುದಿಲ್ಲ. ಬಹುತೇಕ ಸಂಘಗಳಲ್ಲಿ ಈ ಕೆಲಸ ಗಣಕ ಬಲ್ಲ ಒಬ್ಬ ತರುಣನ ತಲೆಗೆ ಕಟ್ಟಿರುತ್ತದೆ. ಅವನಿಗೆ ಬೇರೆ ಊರಿಗೆ ವರ್ಗವಾದರೆ ಪಟ್ಟಿಯೂ ಅನಾಥ. ನಾವೀಗ ಆಜ್ಞೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದು ಕಪಾಟಿನಲ್ಲಿಟ್ಟಿದ್ದೇವೆ. ಇಬ್ಬರು ಅದನ್ನು ನೋಡಿಕೊಂಡು ಒಮ್ಮೆ ಮಾಡಿಯೂ ನೋಡಿದ್ದಾರೆ. ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಮಿತ್ರರೂ ತಮ್ಮ ಮುಂದಿನ ಸಭೆಯಲ್ಲಿ ಇದಕ್ಕೊಂದಿಷ್ಟು ಸಮಯ ಮೀಸಲಿಡಲಿ.