ನಕಲು ಕಳವೇ?

ಸಿಂಧನೂರಿನ ಅಕ್ಕಿ ಗಿರಣಿಯೊಂದರಿಂದ ರಾತ್ರಿಯ ಹೊತ್ತಿನಲ್ಲಿ ಒಂದು ಚೀಲ ಅಕ್ಕಿ ಕಾಣೆಯಾದರೆ ಅದನ್ನು ಕಳವೆಂದು ಕರೆಯಲು ಯಾರೂ ಹಿಂಜರಿಯರು. ಚೀಲವಿದ್ದ ಸ್ಥಳ ಬರಿದಾಗಿದೆ. ಒಡೆಯನ ಲೆಕ್ಕದಲ್ಲಿ ಒಂದು ಕಡಮೆಯಾಗಿದೆ. ಇನ್ನೊಬ್ಬನ ಮನೆಯಲ್ಲಿ ಒಂದು ಹೆಚ್ಚಾಗಿದೆ. ಆದರೆ ಅದೇ ಊರಿನ ತರುಣನೊಬ್ಬನು ಮೊನ್ನೆ ತೆರೆಕಂಡ ಚಲನಚಿತ್ರವನ್ನು ಗೆಳೆಯನ ಮೊಬೈಲಿನಿಂದ ತನ್ನ ಮೊಬೈಲಿಗೆ ಇಳಿಸಿಕೊಂಡನೆನ್ನಿ. ಗೆಳೆಯನಲ್ಲಿದ್ದುದು ಗೆಳೆಯನಲ್ಲಿಯೇ ಇದೆ. ನಿರ್ಮಾಪಕನಲ್ಲಿದ್ದುದು ನಿರ್ಮಾಪಕನಲ್ಲಿಯೇ ಇದೆ. ಎಲ್ಲಿಯೂ ಒಂದು ಅಂಗುಲ ಸ್ಥಳ ಬರಿದಾಗಿಲ್ಲ. ಹಾಗಿದ್ದ ಮೇಲೆ ಇದು ಕಳವೇ?

ಈ ಪ್ರಶ್ನೆಗೆ ಉತ್ತರ ಹೇಳುವವರಲ್ಲಿ ಎರಡು ಪಂಗಡಗಳುಂಟು. "ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿಕೊಂಡರೆ ಮೊದಲಿನ ದೀಪದ ಬೆಳಕೇನು ಕುಂದುತ್ತದೆ?" ಎಂದು ಕೇಳುವವರದು ಒಂದು ಪಂಗಡ. "ಪರರ ದುಡಿಮೆಯನ್ನು ಬಿಟ್ಟಿಯಾಗಿ ಉಂಡವನು ಕಳ್ಳನಲ್ಲದೆ ಮತ್ತೇನು?" ಎಂದು ಗುಡುಗುವವರದು ಇನ್ನೊಂದು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ಇಬ್ಬರದೂ ಅರ್ಧ ಸತ್ಯ.

ಮೊದಲು ಕಾನೂನು ಏನೆನ್ನುತ್ತದೆಂಬುದನ್ನು ನೋಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು ಕಳವಿನ ಲಕ್ಷಣವನ್ನು ಹೇಳುತ್ತದೆ. ಒಬ್ಬನ ವಶದಲ್ಲಿರುವ ಚರ ಸ್ವತ್ತನ್ನು ಅವನ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ, ಅವನ ವಶದಿಂದ ತೆಗೆದೊಯ್ಯಲು ಅದನ್ನು ಕದಲಿಸುವುದೇ ಕಳವು. ಹಳೆಯ ದಂಡ ಸಂಹಿತೆಯ 378ನೆಯ ಕಲಮಿನ ಸಾರವೂ ಇದೇ ಆಗಿತ್ತು. ನಕಲಿನಲ್ಲಿ ಮೂಲವು ಒಡೆಯನ ವಶ ತಪ್ಪುವುದಿಲ್ಲವಾದ ಕಾರಣ ಈ ಲಕ್ಷಣ ಅದಕ್ಕೆ ನೇರವಾಗಿ ಅನ್ವಯಿಸದು. ಅಮೆರಿಕದಲ್ಲಿಯೂ ಇಂಥ ಜಿಜ್ಞಾಸೆ ನಡೆದಿದೆ. ಎಲ್ವಿಸ್ ಪ್ರೀಸ್ಲಿಯ ಹಾಡುಗಳ ಅನಧಿಕೃತ ಧ್ವನಿಮುದ್ರಿಕೆಗಳನ್ನು ಮಾರಿದವನೊಬ್ಬನ ಮೊಕದ್ದಮೆಯಲ್ಲಿ, ಅಂಥ ಮುದ್ರಿಕೆಗಳು ಕದ್ದ ಮಾಲಿನ ಸಾಗಣೆಯನ್ನು ತಡೆಯುವ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ತೀರ್ಮಾನಿಸಿತು.

ಹಾಗೆಂದು ನಕಲುಗಾರನು ನಿರ್ದೋಷಿಯೆಂದು ಭಾವಿಸಲಾಗದು. ಅವನ ಅಪರಾಧಕ್ಕೆ ಬೇರೆಯೇ ಹೆಸರಿದೆ. ಅದು ಕೃತಿಸ್ವಾಮ್ಯದ ಉಲ್ಲಂಘನೆ. 1957ರ ಕೃತಿಸ್ವಾಮ್ಯ ಅಧಿನಿಯಮದ 63ನೆಯ ಕಲಮಿನಂತೆ ಇದಕ್ಕೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳಿಂದ ಎರಡು ಲಕ್ಷದವರೆಗೆ ದಂಡ. ಲಾಭಕ್ಕಾಗಿ ಮಾಡಿದ ಕೃತ್ಯವಲ್ಲವಾದರೆ ಶಿಕ್ಷೆಯನ್ನು ತಗ್ಗಿಸುವ ಅಧಿಕಾರ ನ್ಯಾಯಾಧೀಶರಿಗಿದೆ. ಅಂದರೆ ಮಾರುವವನನ್ನೂ ತನ್ನ ಸಂತೋಷಕ್ಕೆ ಇಳಿಸಿಕೊಳ್ಳುವವನನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಕಾನೂನಿನ ಮಾತು ಇಷ್ಟಾಯಿತು. ನೀತಿಯ ಮಾತೇನು? ನಕಲು ಎಂಬ ಶಬ್ದಕ್ಕೆ ಈಗ ಕಳಂಕ ತಟ್ಟಿದ್ದರೂ ಈ ಸೀಮೆಯಲ್ಲಿ ಅದು ಹಿಂದೊಮ್ಮೆ ಗೌರವದ ಕಾಯಕವಾಗಿತ್ತು. ಸಿಂಧನೂರಿನ ನೆರೆಯ ಮಸ್ಕಿಯಲ್ಲಿ ಅಶೋಕನ ಶಾಸನವೊಂದಿದೆ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅದನ್ನು ಪತ್ತೆಹಚ್ಚಿದಾಗ, "ದೇವಾನಾಂಪ್ರಿಯ"ನೆಂಬುವನು ಅಶೋಕನೇ ಎಂಬುದಕ್ಕೆ ಶಾಸನದ ಆಧಾರವೇ ದೊರೆತಂತಾಗಿ ವಿದ್ವಾಂಸರು ಹಿಗ್ಗಿದರು. ಆದರೆ ಆ ಬರಹ ಮಸ್ಕಿಗೊಂದಕ್ಕೇ ಮೀಸಲಾದುದಲ್ಲ. ಅದರ ಪ್ರತಿಗಳು ಕೊಪ್ಪಳದ ಗವಿಮಠದಲ್ಲಿವೆ, ಪಾಲ್ಕಿಗುಂಡಿನಲ್ಲಿವೆ, ದೂರದ ರೂಪನಾಥ ಸಹಸರಾಮಗಳಲ್ಲಿಯೂ ಇವೆ. ಇದನ್ನು ಬಂಡೆಗಳ ಮೇಲೆ ಬರೆಯಿಸಿರಿ, ಕಲ್ಲುಕಂಬಗಳಿದ್ದಲ್ಲಿ ಕಂಬಗಳ ಮೇಲೂ ಬರೆಯಿಸಿರಿ ಎಂಬ ಆಜ್ಞೆ ಆ ದೂರದ ಪಾಠಗಳಲ್ಲಿಯೇ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇದೇ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರನು ಕೊನೆಯಲ್ಲಿ ತನ್ನ ಹೆಸರನ್ನೂ ಬರೆದುಕೊಂಡಿದ್ದಾನೆ. ನಕಲು ಮಾಡಿದವನು ತಲೆಮರೆಸಿಕೊಳ್ಳಲಿಲ್ಲ. ಕಲ್ಲಿನ ಮೇಲೆ ರುಜು ಹಾಕಿದನು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಇದಕ್ಕಾಗಿಯೇ ಕನ್ನಡಿಗರು ಇಂದಿಗೂ ಆಕೆಯನ್ನು ನೆನೆಯುತ್ತಾರೆ.

"ಹಾಗಾದರೆ ಈಗಿನ ನಕಲುಗಾರನೂ ಅತ್ತಿಮಬ್ಬೆಯ ವಂಶದವನೇ ಆದನಲ್ಲ!" ಎಂದು ಯಾರಾದರೂ ಕೇಳಿಯಾರು. ಇಲ್ಲಿ ಭೇದವಿದೆ. ಅಶೋಕನ ಬರಹವನ್ನು ಪ್ರತಿಮಾಡಿದುದು ಅಶೋಕನ ಇಚ್ಛೆಯಿಂದ. ಅತ್ತಿಮಬ್ಬೆಯು ಪ್ರತಿಗಳಿಗೆ ತನ್ನ ಹಣವನ್ನು ಸುರಿದಳೇ ಹೊರತು ಕವಿಗೆ ಸಲ್ಲಬೇಕಾದುದನ್ನು ತಡೆಯಲಿಲ್ಲ. ಆ ಕಾಲದ ಕವಿಯ ಅನ್ನ ಪ್ರತಿಯ ಮಾರಾಟದಲ್ಲಿರಲಿಲ್ಲ. ಅರಸನ ಮತ್ತು ಆಶ್ರಯದಾತರ ಕೈಯಲ್ಲಿತ್ತು. ಇಂದಿನ ಕವಿಗೂ ಗಾಯಕನಿಗೂ ಅರಸನಿಲ್ಲ. ಪ್ರತಿಗೆ ಓದುಗನೂ ಕೇಳುಗನೂ ಕೊಡುವ ಹಣವೇ ಅವರಿಗೆ ಆಶ್ರಯ. ಕಾಲ ಬದಲಾದಂತೆ ಅನ್ನದ ದಾರಿ ಬದಲಾಯಿತು. ಅದರೊಡನೆ ನಕಲಿನ ನೀತಿಯೂ ಬದಲಾಗಬೇಕಾಯಿತು.

ಈ ಅನ್ನದ ದಾರಿಯೆಂಥದೆಂಬುದು ಸಿಂಧನೂರಿನವರಿಗೆ ಬೇರೆಯವರು ಹೇಳಿಕೊಡಬೇಕಾದುದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ಊರಿನ ಭತ್ತವನ್ನು ಬೆಳೆಸಿದೆ, ಗಿರಣಿಗಳನ್ನು ನಡೆಸಿದೆ. ಆದರೆ ಮೇಲ್ಭಾಗದಲ್ಲಿ ಒಪ್ಪಿಗೆಯಿಲ್ಲದೆ ಪಂಪ್‌ಸೆಟ್ಟು ಹೂಡಿ ನೀರೆತ್ತಿದರೆ ಕೊನೆಭಾಗದ ರೈತನ ಗದ್ದೆ ಒಣಗುತ್ತದೆ. ಅಕ್ರಮ ನೀರಾವರಿಯ ಈ ದೂರು ವರುಷವರುಷವೂ ಕೇಳಿಬರುತ್ತದೆ. ನೀರೆತ್ತಿದವನು ಕೊನೆಭಾಗದ ರೈತನ ಮನೆಗೆ ಕನ್ನ ಹಾಕಿದವನಲ್ಲ. ಅವನ ಕಣಜದಿಂದ ಒಂದು ಕಾಳನ್ನೂ ತೆಗೆದವನಲ್ಲ. ಆ ರೈತನ ಮುಖವನ್ನೇ ಅವನು ಕಂಡಿರಲಾರನು. ಆದರೂ ಅವನಿಂದ ಅನ್ಯಾಯವಾಗಿಲ್ಲವೆಂದು ಯಾರು ಹೇಳಿಯಾರು? ಬರಬೇಕಾದುದು ಬಾರದಂತೆ ಮಾಡುವುದೂ ಒಂದು ಬಗೆಯ ಕಿತ್ತುಕೊಳ್ಳುವಿಕೆಯೇ.

ನೀರು ಬಳಸಿದರೆ ತೀರುತ್ತದೆ, ಹಾಡು ತೀರುವುದಿಲ್ಲ. ಈ ಅಂತರ ನಿಜ. ಆದರೆ ಹಾಡಿನ ಹಿಂದೆ ಹರಿದು ಬರುವ ಹಣಕ್ಕೂ ಒಂದು ಕಾಲುವೆಯಿದೆ. ಅದರ ಮೇಲ್ಭಾಗದಲ್ಲಿ ಕೇಳುಗರಿದ್ದಾರೆ, ನಡುವೆ ವ್ಯಾಪಾರಿಗಳಿದ್ದಾರೆ, ಕೊನೆಭಾಗದಲ್ಲಿ ಹಾಡು ಬರೆದವನೂ ರಾಗ ಹಾಕಿದವನೂ ಇದ್ದಾರೆ. 2012ರಲ್ಲಿ ಕೃತಿಸ್ವಾಮ್ಯ ಕಾನೂನಿಗೆ ತಿದ್ದುಪಡಿಯಾಗಿ, ಚಿತ್ರಮಂದಿರದ ಪ್ರದರ್ಶನವನ್ನುಳಿದು ಹಾಡಿನ ಇತರ ಬಳಕೆಯಿಂದ ಬರುವ ಆದಾಯದಲ್ಲಿ ಈ ಇಬ್ಬರಿಗೂ ಸಮಪಾಲಿನ ಹಕ್ಕು ಸಿಕ್ಕಿತು. ಕೆಲವು ವರುಷಗಳ ಹಿಂದೆ ಊರೂರ ಮೊಬೈಲ್ ಅಂಗಡಿಗಳಲ್ಲಿ ಅಲ್ಪ ಹಣಕ್ಕೆ ಮೆಮೊರಿ ಕಾರ್ಡಿನ ತುಂಬ ಹಾಡು ತುಂಬಿಸಿಕೊಡುತ್ತಿದ್ದರು. ಗಿರಾಕಿಗೆ ಹಾಡು ಸಿಕ್ಕಿತು, ಅಂಗಡಿಯವನಿಗೆ ಕಾಸು ಸಿಕ್ಕಿತು. ಹಾಡು ಬರೆದವನ ಗದ್ದೆಗೆ ಮಾತ್ರ ಒಂದು ಹನಿಯೂ ಇಳಿಯಲಿಲ್ಲ.

ಇನ್ನು ಒಪ್ಪಿಗೆಯಿಲ್ಲದ ನಕಲೆಲ್ಲ ಪಾಪವೇ ಎಂದರೆ, ಹಾಗೆನ್ನುವುದೂ ಸಲ್ಲದು. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದು ಪಠ್ಯಭಾಗಗಳನ್ನು ಪ್ರತಿಮಾಡಿ ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶನ ಸಂಸ್ಥೆಗಳು ಅದರ ಮೇಲೆ ದಾವೆ ಹೂಡಿದುವು. ಬೋಧನೆಯ ಅಗತ್ಯಕ್ಕೆ ಮಾಡಿದ ಪ್ರತಿಗೆ ಕಾನೂನಿನಲ್ಲಿಯೇ ಆಸ್ಪದವಿದೆಯೆಂದು ದೆಹಲಿ ಉಚ್ಚ ನ್ಯಾಯಾಲಯ 2016ರಲ್ಲಿ ಹೇಳಿತು. ಮರುವರ್ಷ ಪ್ರಕಾಶಕರು ದಾವೆಯನ್ನು ಹಿಂದೆಗೆದುಕೊಂಡರು. ಕಣ್ಣು ಕಾಣದವರಿಗಾಗಿ ಪುಸ್ತಕವನ್ನು ಬ್ರೈಲಿಗೋ ಧ್ವನಿಗೋ ಇಳಿಸಲು ಲೇಖಕನ ಅನುಮತಿ ಬೇಕಿಲ್ಲವೆಂದು 2012ರ ತಿದ್ದುಪಡಿಯೇ ಹೇಳುತ್ತದೆ. ಪ್ರತಿ ಸಿಗದೆ ಕಣ್ಮರೆಯಾದ ಹಳೆಯ ಗ್ರಂಥವನ್ನು ಅಧ್ಯಯನಕ್ಕೆಂದು ಪ್ರತಿಮಾಡಿಕೊಂಡ ಬಡ ವಿದ್ಯಾರ್ಥಿಯನ್ನೂ, ತೆರೆಯೆದುರು ಕುಳಿತು ಹೊಸ ಚಿತ್ರವನ್ನು ಗುಟ್ಟಾಗಿ ಸೆರೆಹಿಡಿದು ಮಾರುವವನನ್ನೂ ಕಳ್ಳರೆಂಬ ಒಂದೇ ಹೆಸರಿನಿಂದ ಕರೆದರೆ ಆ ಹೆಸರಿನ ಮೊನೆಯೇ ಮೊಂಡಾಗುತ್ತದೆ. ಕರ್ನಾಟಕವು ಗೂಂಡಾ ಕಾಯ್ದೆಯೆಂದು ಹೆಸರಾದ 1985ರ ಅಧಿನಿಯಮಕ್ಕೆ 2014ರಲ್ಲಿ ತಿದ್ದುಪಡಿ ತಂದು, ಡಿಜಿಟಲ್ ನಕಲಿನ ಅಪರಾಧಿಗಳನ್ನೂ ಅದರೊಳಗೆ ಸೇರಿಸಿತು. ವಿಚಾರಣೆಗೆ ಮೊದಲೇ ಬಂಧನದಲ್ಲಿಡಬಲ್ಲ ಇಂಥ ಆಯುಧವನ್ನು ನಕಲಿನ ದಂಧೆ ನಡೆಸುವವನ ಮೇಲೆ ಎತ್ತುವಾಗಲೂ ವಿವೇಕ ಬೇಕು. ವಿದ್ಯಾರ್ಥಿಯ ಮೇಲೆ ಎತ್ತುವುದಂತೂ ಅನ್ಯಾಯವಾದೀತು.

ತಾವಾಗಿಯೇ ತೂಬು ತೆರೆದವರೂ ಕನ್ನಡದಲ್ಲಿದ್ದಾರೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಕನ್ನಡಿಗರೆಲ್ಲರ ಸ್ವತ್ತಾಯಿತು. ಸರ್ಕಾರವೂ ಅದನ್ನೇ ಮಾದರಿಯಾಗಿ ಅಂಗೀಕರಿಸಿತು. ಕಯ್ಯೂರಿನ ರೈತರ ಹೋರಾಟವನ್ನು 'ಚಿರಸ್ಮರಣೆ'ಯಲ್ಲಿ ಚಿತ್ರಿಸಿದ ನಿರಂಜನರ ಕೃತಿಗಳನ್ನು ಅವರ ಕುಟುಂಬದವರು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟರು. ಲೇಖಕನ ಹೆಸರನ್ನು ಉಳಿಸಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಅವನ್ನು ಹಂಚಬಹುದು. ಇದು ದಾನ. ಆದರೆ ದಾನವೆಂಬುದು ಕೊಡುವವನ ಕೈಯಿಂದ ಆಗಬೇಕು. ಕೊಳ್ಳುವವನು ತಾನೇ ಕೈಹಾಕಿ ತೆಗೆದುಕೊಂಡು "ಇದು ನಿನ್ನ ದಾನ" ಎಂದರೆ ಅದು ದಾನವಾಗದು.

ಹೀಗೆ ವಿಚಾರಿಸಿದಾಗ, ಅನುಮತಿಯಿಲ್ಲದ ನಕಲನ್ನು ಅಕ್ಕಿ ಚೀಲದ ಕಳವಿಗೆ ಹೋಲಿಸುವುದಕ್ಕಿಂತ ಮೇಲ್ಭಾಗದ ಅಕ್ರಮ ಪಂಪ್‌ಸೆಟ್ಟಿಗೆ ಹೋಲಿಸುವುದು ಹೆಚ್ಚು ಸಮಂಜಸವೆನಿಸುತ್ತದೆ. ಕಳವಿನಲ್ಲಿ ಇದ್ದುದು ಹೋಗುತ್ತದೆ. ಇಲ್ಲಿ ಬರಬೇಕಾದುದು ನಿಲ್ಲುತ್ತದೆ. ಹೆಸರು ಬೇರೆಯಾದ ಮಾತ್ರಕ್ಕೆ ನಷ್ಟ ಕಿರಿದಾಗದು. ನಕಲಿಗೆ ಕೈ ಚಾಚುವವನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದನ್ನು ನ್ಯಾಯವಾದ ಮಾರ್ಗದಲ್ಲಿ ಪಡೆಯಲು ಸಾಧ್ಯವಿತ್ತೇ? ಇದರಿಂದ ಬೇರೆ ಯಾರಾದರೂ ಕಾಸು ಮಾಡಿಕೊಳ್ಳುತ್ತಿದ್ದಾರೆಯೇ? ಚಪಡನಂತೆ ಇದರ ಕೆಳಗೆ ತನ್ನ ಹೆಸರು ಬರೆಯಲು ಧೈರ್ಯವಿದೆಯೇ? ಮೂರನೆಯ ಪ್ರಶ್ನೆಗೆ ಬೆರಳು ನಡುಗಿದರೆ, ಮೊದಲೆರಡಕ್ಕೆ ಉತ್ತರ ಹುಡುಕುವ ಶ್ರಮವೇ ಬೇಡ.