ಲೆಕ್ಕ ಕೇಳುವ ಹಕ್ಕು ಹಳ್ಳಿಗಿದೆ, ನಗರಕ್ಕೇಕಿಲ್ಲ?

ಗುಬ್ಬಿ ತಾಲ್ಲೂಕಿನ ಹೋಬಳಿ ಕೇಂದ್ರ ಸಿ.ಎಸ್. ಪುರ. ಇಲ್ಲಿನ ಮತದಾರ ತನ್ನ ಕೇರಿಯ ಚರಂಡಿಗೆ ಎಷ್ಟು ಖರ್ಚಾಯಿತು, ಕೆಲಸ ಯಾರಿಗೆ ಕೊಟ್ಟರು, ಬಿಲ್ಲು ಯಾವಾಗ ಪಾಸಾಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಕೇಳಿದ್ದಕ್ಕೆ ಪಿಡಿಒ ಉತ್ತರ ಹೇಳಬೇಕು, ಉತ್ತರ ನಡವಳಿ ಪುಸ್ತಕಕ್ಕೆ ಏರಬೇಕು. ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟ ಅವಕಾಶವಲ್ಲ, 1993ರ ಪಂಚಾಯತ್ ರಾಜ್ ಕಾಯ್ದೆ ಕೊಟ್ಟ ಹಕ್ಕು. ಅದೇ ಮನುಷ್ಯ ಮಕ್ಕಳ ಓದಿಗೆಂದು ತುಮಕೂರಿನಲ್ಲಿ ಮನೆ ಮಾಡಿದ ದಿನವೇ ಆ ಹಕ್ಕು ಅವನ ಕೈಬಿಡುತ್ತದೆ. ಮಹಾನಗರ ಪಾಲಿಕೆಯ ಸಭೆಯಲ್ಲಿ ಮಾತು ಸದಸ್ಯರದ್ದು, ಅಧಿಕಾರಿಗಳದ್ದು. ತೆರಿಗೆ ಕಟ್ಟುವವನು ಬೇಕಾದರೆ ಕೂತು ನೋಡಬಹುದು, ಬಾಯಿ ಬಿಡುವಂತಿಲ್ಲ. ಖರ್ಚಾಗುವ ಹಣ ದೊಡ್ಡದಾದಷ್ಟೂ ಕೇಳುವ ಹಕ್ಕು ಚಿಕ್ಕದಾಗುವ ಈ ವ್ಯವಸ್ಥೆ ತಲೆಕೆಳಗಾಗಿದೆ.

ಹಳ್ಳಿಯಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಎಷ್ಟೋ ಕಡೆ ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋಗುತ್ತದೆ, ಹಾಜರಿ ಪುಸ್ತಕ ಮನೆಮನೆ ಸುತ್ತಿ ಸಹಿ ಹಾಕಿಸಿಕೊಂಡು ಬರುತ್ತದೆ, ಇಲಾಖೆಯ ಅಧಿಕಾರಿಗಳು ಬರುವುದೇ ಇಲ್ಲ. ಆದರೂ ದಾರಿ ಇದೆ, ನಡೆಯುವವರು ನಡೆಯಬಹುದು. ವರ್ಷಕ್ಕೊಮ್ಮೆ ಜಮಾಬಂದಿಯೂ ಇದೆ. 2004ರ ನಿಯಮಗಳ ಪ್ರಕಾರ ಪಂಚಾಯಿತಿಯ ಜಮೆ-ಖರ್ಚು, ಕಾಮಗಾರಿಯ ಕಡತ, ಅಳತೆ ಪುಸ್ತಕ ಎಲ್ಲವನ್ನೂ ಊರಿನವರ ಮುಂದೆ ತೆರೆದಿಡಬೇಕು. ಕಾಗದದಲ್ಲಿರುವ ರಸ್ತೆ ನೆಲದ ಮೇಲೂ ಇದೆಯೇ ಎಂದು ಸ್ಥಳಕ್ಕೇ ಹೋಗಿ ನೋಡಬೇಕು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿ ಅಧಿಕಾರವನ್ನು ಕೆಳಗಿಳಿಸಿದ ಅಬ್ದುಲ್ ನಜೀರ್ ಸಾಬ್ ಅವರ ನಾಡು ಇದು. ಜನ ಸೇರಿ ಲೆಕ್ಕ ಕೇಳುವುದು ನಮಗೆ ಹೊಸದೇನೂ ಅಲ್ಲ.

ನಗರದ ಖರೀದಿಗೂ ಒಳ್ಳೆಯ ಕಾನೂನೇ ಇದೆ. ಜನ ಕೆಟಿಪಿಪಿ ಎಂದು ಕರೆಯುವ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆಯನ್ನು ಕರ್ನಾಟಕ 1999ರಲ್ಲಿ ತಂದಿತು. ಸರ್ಕಾರಿ ದುಡ್ಡಿನ ಕೆಲಸ ಟೆಂಡರ್ ಮೂಲಕವೇ ಆಗಬೇಕು, ಟೆಂಡರ್ ಎಲ್ಲರಿಗೂ ಗೊತ್ತಾಗುವಂತೆ ಪ್ರಕಟವಾಗಬೇಕು, ಬೇಡವಾದ ಟೆಂಡರ್‌ಗೆ ಕಾರಣ ಬರೆಯಬೇಕು, ನೊಂದ ಗುತ್ತಿಗೆದಾರನಿಗೆ ಮೇಲ್ಮನವಿಯ ದಾರಿ ಇರಬೇಕು ಎಂಬುದು ಅದರ ಸಾರ. 2000ರ ನಿಯಮಗಳು ಮೊದಲಿಗೆ 2 ಕೋಟಿ ರೂಪಾಯಿವರೆಗಿನ ಟೆಂಡರ್‌ಗೆ 30 ದಿನ, ಅದಕ್ಕೂ ಮೇಲಿನದಕ್ಕೆ 60 ದಿನ ಕಾಲಾವಕಾಶ ನಿಗದಿ ಮಾಡಿದ್ದವು. ಈ ದಿನಗಳಿಗೆ ದೊಡ್ಡ ಅರ್ಥವಿದೆ. ಅಂದಾಜು ಪಟ್ಟಿ ಓದಿ, ಸ್ಥಳ ನೋಡಿ, ಜಲ್ಲಿ-ಸಿಮೆಂಟಿನ ದರ ವಿಚಾರಿಸಿ, ಇ.ಎಂ.ಡಿ. ಎಂಬ ಮುಂಗಡ ಠೇವಣಿಯ ಹಣ ಹೊಂದಿಸಲು ಹೊಸ ಗುತ್ತಿಗೆದಾರನಿಗೆ ಸಮಯ ಬೇಕು. ಅವಧಿ ಮೊಟಕಾದರೆ ಗೆಲ್ಲುವವನು ಮೊದಲೇ ಸುದ್ದಿ ತಿಳಿದವನು. ಮುಂದೆ ಇ-ಪ್ರೊಕ್ಯೂರ್‌ಮೆಂಟ್ ಬಂತು. ಕಚೇರಿ ಬಾಗಿಲಲ್ಲಿ ನಿಂತು ಬೇರೆಯವರು ಟೆಂಡರ್ ಫಾರಂ ಹಾಕದಂತೆ ತಡೆಯುವ ದಾಂಧಲೆಗೆ ಅದರಿಂದ ಕಡಿವಾಣ ಬಿತ್ತು. ಅದು ನಿಜವಾದ ಸುಧಾರಣೆ.

ಆದರೆ ಕಾನೂನಿಗೆ ಕಿಂಡಿಗಳಿವೆ. ದೊಡ್ಡ ಕಾಮಗಾರಿಯನ್ನು ಚಿಕ್ಕ ಚಿಕ್ಕದಾಗಿ ಒಡೆದು ಟೆಂಡರ್ ಮಿತಿಯ ಕೆಳಗೆ ತರುವ ತುಂಡು ಗುತ್ತಿಗೆ ಒಂದು ಕಿಂಡಿ. ಕಾಯ್ದೆಯ 4(ಜಿ) ಕಲಂ ಇನ್ನೊಂದು. ಆ ಕಲಂ ಅಡಿಯಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದೇ ನಿರ್ದಿಷ್ಟ ಕೆಲಸಕ್ಕೆ ವಿನಾಯಿತಿ ಕೊಡಬಹುದು. ನಿರ್ಮಿತಿ ಕೇಂದ್ರ, ಕೆ.ಆರ್.ಐ.ಡಿ.ಎಲ್. ಮುಂತಾದ ಸರ್ಕಾರದ ಅಧೀನದ ನಿರ್ಮಾಣ ಸಂಸ್ಥೆಗಳಿಗೆ ಟೆಂಡರ್ ಇಲ್ಲದೆ ಕೆಲಸ ಹೋದದ್ದು ಈ ದಾರಿಯಲ್ಲೇ. ಬರಗಾಲದಲ್ಲಿ ಟ್ಯಾಂಕರ್ ನೀರು ತರಿಸುವಾಗ ತಿಂಗಳುಗಟ್ಟಲೆ ಟೆಂಡರ್ ಕಾಯಲಾಗದು, ಅದಕ್ಕೆ ವಿನಾಯಿತಿ ನ್ಯಾಯ. ವಿನಾಯಿತಿಯೇ ವಾಡಿಕೆಯಾದಾಗ ಕಾಯ್ದೆ ಸತ್ತಂತೆ. ಅದು ವಾಡಿಕೆಯಾಗಿದೆಯೇ ಎಂದು ಯಾವ ಪೋರ್ಟಲ್ಲೂ ತಾನಾಗಿ ಹೇಳುವುದಿಲ್ಲ. ಯಾರಾದರೂ ಕೇಳಬೇಕು, ಕೇಳಲು ಒಂದು ಸಭೆ ಬೇಕು.

ಆ ಸಭೆ ಎಲ್ಲಿದೆ? ಪಾಲಿಕೆಯ ಸಾಮಾನ್ಯ ಸಭೆ ಇದೆ, ಸ್ಥಾಯಿ ಸಮಿತಿಗಳಿವೆ. ಅಜೆಂಡಾದಲ್ಲಿ ಹತ್ತಾರು ವಿಷಯ, ನಡುನಡುವೆ ‘ಘಟನೋತ್ತರ ಮಂಜೂರಾತಿ’ ಎಂಬ ಶಿರೋನಾಮೆ. ಕೆಲಸ ಆಗಿಹೋಗಿದೆ, ಹಣ ಕೊಟ್ಟಾಗಿದೆ, ಈಗ ಒಪ್ಪಿಗೆ ಕೊಡಿ ಎನ್ನುವುದು ಅದರ ತಾತ್ಪರ್ಯ. ಬೀದಿದೀಪದ ಗಲಾಟೆಯಲ್ಲಿ ಗಂಟೆಗಳು ಕಳೆದು, ಕೋಟಿಗಟ್ಟಲೆ ಲೆಕ್ಕದ ವಿಷಯ ಕೊನೆಯ ನಿಮಿಷದಲ್ಲಿ ಕೈಯೆತ್ತಿ ಮುಗಿದರೆ ಅದನ್ನು ಚರ್ಚೆ ಎನ್ನಲಾಗದು.

ತುಮಕೂರಿಗೆ ಆ ಸಭೆಯೂ ಸದಾ ಇರಲಿಲ್ಲ. 2018ರ ಆಗಸ್ಟ್ ಕೊನೆಯಲ್ಲಿ ಅದರ 35 ವಾರ್ಡುಗಳಿಗೆ ಚುನಾವಣೆ ನಡೆಯಿತು. ಆ ಸದಸ್ಯರ ಅವಧಿ ಮುಗಿದಾಗ ಹೊಸ ಚುನಾವಣೆ ಆಗಿರಲಿಲ್ಲ, ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243-ಯು ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಅಧಿಕಾರಿ ಎಷ್ಟೇ ದಕ್ಷರಾಗಿರಲಿ, ಮಂಜೂರು ಮಾಡುವವರೂ ಖರ್ಚು ಮಾಡುವವರೂ ಒಂದೇ ಕಡೆಯವರಾದಾಗ ಪ್ರಶ್ನೆಗೆ ಜಾಗ ಉಳಿಯುವುದಿಲ್ಲ.

ಸ್ಮಾರ್ಟ್ ಸಿಟಿ ಯೋಜನೆ ಕಲಿಸಿದ ಪಾಠವೂ ಇದೇ. 2016ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ-ಧಾರವಾಡದ ಜೊತೆ ತುಮಕೂರಿನ ಹೆಸರೂ ಬಂತು. ಪ್ರತಿ ನಗರಕ್ಕೆ ಕೇಂದ್ರದಿಂದ 500 ಕೋಟಿ, ಅಷ್ಟೇ ಪಾಲು ರಾಜ್ಯದಿಂದ ಎಂಬುದು ಯೋಜನೆ. ಹಣ ಬಂದದ್ದು ಕಂಪನಿ ಕಾಯ್ದೆಯಡಿ ಹುಟ್ಟಿದ ತುಮಕೂರು ಸ್ಮಾರ್ಟ್ ಸಿಟಿ ಲಿಮಿಟೆಡ್‌ಗೆ. ಯಾವ ರಸ್ತೆ ಅಗೆಯಬೇಕು, ಯಾವ ಕೆರೆಯ ಏರಿ ಕಟ್ಟಬೇಕು ಎಂದು ತೀರ್ಮಾನಿಸಿದ್ದು ಕಂಪನಿಯ ಆಡಳಿತ ಮಂಡಳಿ. ಧೂಳು ಕುಡಿದದ್ದು ವಾರ್ಡಿನ ಜನ. ಚುನಾಯಿತ ಸದಸ್ಯರ ಬಳಿ ದೂರು ಹೇಳಿದರೆ, ಅದು ನಮ್ಮ ಕೈಯಲ್ಲಿಲ್ಲ ಎನ್ನುವ ಮಾತು ಅವರಿಗೆ ಸುಲಭವಾಯಿತು. 2025ರ ಮಾರ್ಚ್ 31ಕ್ಕೆ ದೇಶದಲ್ಲಿ ಈ ಯೋಜನೆ ಮುಗಿಯಿತು. ಕಟ್ಟಿದ್ದನ್ನು ಕಾಪಾಡಿಕೊಳ್ಳುವ ಖರ್ಚು ಮಾತ್ರ ಊರಿನ ತಲೆಯ ಮೇಲೆ ಉಳಿಯಿತು.

ತುಮಕೂರಿನ ಮಟ್ಟಿಗೆ ಪರಿಹಾರಕ್ಕೆ ಹೊಸ ಕಾನೂನು ಹುಡುಕಬೇಕಾಗಿಲ್ಲ. 1976ರ ಪಾಲಿಕೆ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿ ಪ್ರತಿ ವಾರ್ಡಿಗೂ ಸಮಿತಿ ಇರಬೇಕು ಎನ್ನುತ್ತದೆ. ಹತ್ತು ಜನ ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು ಇಬ್ಬರು. ವಾರ್ಡಿನ ಕಾಮಗಾರಿಯ ಯೋಜನೆ ಮಾಡುವುದು, ಮೇಲ್ವಿಚಾರಣೆ ನಡೆಸುವುದು ಅವರ ಕೆಲಸ. ಬೆಂಗಳೂರಿನಲ್ಲೂ ಮಂಗಳೂರಿನಲ್ಲೂ ಇವು ಕಣ್ಣು ಬಿಟ್ಟದ್ದು ನಾಗರಿಕರು ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ಗುಬ್ಬಿಯ ಪಟ್ಟಣ ಪಂಚಾಯಿತಿ, ಕುಣಿಗಲ್ ಪುರಸಭೆಗಳು ಬರುವುದು 1964ರ ಪೌರಸಭೆಗಳ ಕಾಯ್ದೆಯಡಿ. ಪಾಲಿಕೆಗೆ ತಂದ ಆ ತಿದ್ದುಪಡಿ ಅವುಗಳಿಗೆ ಅನ್ವಯಿಸುವುದೇ ಇಲ್ಲ. ಗಡಿಯಾಚೆಯ ಕಾಸರಗೋಡನ್ನು ನೋಡಿ. ಕೇರಳದ 1994ರ ಮುನಿಸಿಪಾಲಿಟಿ ಕಾಯ್ದೆಯಡಿ ಒಂದು ಲಕ್ಷ ಮೀರದ ಜನಸಂಖ್ಯೆಯ ಪಟ್ಟಣದಲ್ಲಿ ವಾರ್ಡಿನ ಎಲ್ಲ ಮತದಾರರೂ ವಾರ್ಡ್ ಸಭೆಯ ಸದಸ್ಯರು. ಕಾಸರಗೋಡಿನ ಕನ್ನಡಿಗನಿಗೆ ಪಟ್ಟಣದಲ್ಲಿ ಸಿಕ್ಕ ಹಕ್ಕು ಕುಣಿಗಲ್ಲಿನ ಕನ್ನಡಿಗನಿಗೆ ಸಿಕ್ಕಿಲ್ಲ.

ಸಭೆ ಕರೆದ ಮಾತ್ರಕ್ಕೆ ಕಳ್ಳತನ ನಿಲ್ಲುವುದಿಲ್ಲ ಎನ್ನುವವರಿದ್ದಾರೆ. ನಿಲ್ಲದಿರಬಹುದು. ಆದರೆ ಮೂರು ಇಂಚಿನ ಕಾಂಕ್ರೀಟಿಗೆ ಆರು ಇಂಚಿನ ಬಿಲ್ಲು ಬರೆಯುವವನಿಗೆ, ಆ ರಸ್ತೆಯಲ್ಲಿ ದಿನವೂ ಓಡಾಡುವವರ ಮುಂದೆ ಅಳತೆ ಪುಸ್ತಕ ಓದಬೇಕು ಎಂದಾದರೆ ಕೈ ನಡುಗುತ್ತದೆ. ಲೆಕ್ಕ ಪರಿಶೋಧಕರ ವರದಿ ವರ್ಷಗಳ ಮೇಲೆ ಬರುತ್ತದೆ, ಅಷ್ಟರಲ್ಲಿ ರಸ್ತೆಯೇ ಕಿತ್ತುಹೋಗಿರುತ್ತದೆ. ನೆರೆಹೊರೆಯವರ ಕಣ್ಣಿಗೆ ತಡವಿಲ್ಲ.

ತುಮಕೂರು, ಗುಬ್ಬಿ, ಕುಣಿಗಲ್ಲಿನ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಬಾರಿ ಮತ ಕೇಳಿಕೊಂಡು ಬರುವವರಿಂದ ಮೂರು ಮಾತು ಪಡೆಯಿರಿ: ಗೆದ್ದ ಮೂರು ತಿಂಗಳೊಳಗೆ ವಾರ್ಡಿನ ಸಭೆ ಕರೆಯಬೇಕು, ವರ್ಷಕ್ಕೊಮ್ಮೆ ನಗರಕ್ಕೂ ಜಮಾಬಂದಿ ಆಗಬೇಕು, ಟೆಂಡರ್ ಇಲ್ಲದೆ ಕೊಟ್ಟ ಪ್ರತಿ ಕೆಲಸದ ಪಟ್ಟಿಯನ್ನು ಕಾರಣ ಸಹಿತ ಕಚೇರಿಯ ಫಲಕದಲ್ಲಿ ಹಾಕಬೇಕು. ಸಿ.ಎಸ್. ಪುರದ ರೈತನಿಗೆ ಕಾನೂನು ಕೊಟ್ಟಿರುವುದನ್ನು ನೀವು ಕೇಳಿ ಪಡೆಯಿರಿ.