ಬ್ಯಾಟರಿ ಹೋಗಿದೆ ಅಂದ್ರೆ, ಎಷ್ಟು ವೋಲ್ಟ್ ಅಂತ ಕೇಳಿ

(1/5)
ವ್ಯಾನ್ ಸೆಲ್ಫ್ ತಗೋತಿಲ್ಲ ಅಂದ ತಕ್ಷಣ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು: "ಬ್ಯಾಟರಿ ಹೋಗದೆ, ಹೊಸದು ಹಾಕ್ಸಿಬುಡಿ." ಹಾಕಿಸಿದ ಮೇಲೂ ಹಂಗೇ ಇದ್ರೆ "ಡೈನಮೋ ಇರ್ಬೇಕು." ಅದೂ ಆದ್ಮೇಲೆ "ಸೆಲ್ಫ್ ಮೋಟಾರ್ ಬಿಚ್ಚಿ ನೋಡನ." ಎಲ್ಲಾ ಮುಗಿದು ಜೇಬು ಖಾಲಿ ಆದ್ಮೇಲೆ "ಹಳೇ ಗಾಡಿ ಅಲ್ವಾ, ಮಾರ್ಬುಡಿ." ಇದನ್ನ ರಿಪೇರಿ ಅಂತ ಕರೆಯೋದು ಬಿಡಿ ಗುರು. ನಮ್ಮ ದುಡ್ಡಲ್ಲಿ ಬೇರೆಯವರು ಲಾಟರಿ ಆಡ್ತಿದ್ದಾರೆ ಅಷ್ಟೇ. ಆದ್ರೆ ಬೈಗುಳ ಮೆಕ್ಯಾನಿಕ್‌ಗೆ ಮಾತ್ರ ಅಂದ್ಕೋಬೇಡಿ, ನಮ್ಮ ಸರದೀನೂ ಬರುತ್ತೆ.

(2/5)
ಮಾರುತಿ ವ್ಯಾನ್ ಬಂದಿದ್ದು 1984ರಲ್ಲಿ. ಓಮ್ನಿ ಅಂತ ಹೆಸರಾಗಿದ್ದು 1988ರಲ್ಲಿ. ತಯಾರಿಕೆ ನಿಂತಿದ್ದು 2019ರಲ್ಲಿ. ಅಂದ್ರೆ ಈಗ ರೋಡಲ್ಲಿರೋ ಯಾವ ಓಮ್ನಿಯೂ ಹೊಸದಲ್ಲ. ಆದ್ರೂ ಕೊಳ್ಳೇಗಾಲದಲ್ಲಿ ಸುಮ್ನೆ ಹತ್ತು ನಿಮಿಷ ನಿಂತು ನೋಡಿ: ಬಾಳೆಗೊನೆ ಹೊತ್ತಿದ್ದು ಒಂದು, ಮದುವೆ ಪಾತ್ರೆ ತುಂಬ್ಕೊಂಡಿದ್ದು ಒಂದು, ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದು ಇನ್ನೊಂದು. 796 ಸಿಸಿಯ ಆ ಪುಟ್ಟ ಎಂಜಿನ್ ಮೇಲೆ ಒಂದೊಂದು ಮನೆ ನಡೀತಿದೆ. ನಿಮ್ಮ ಕ್ಲಾಸಲ್ಲೇ ಎಷ್ಟು ಜನರ ಫೀಸು ಅದರ ದುಡಿಮೆಯಿಂದ ಬರ್ತಿದೆಯೋ ಕೇಳಿ ನೋಡಿ. ಮಾರ್ಬುಡಿ ಅನ್ನೋದು ಹೇಳೋರಿಗೆ ಸುಲಭ.

(3/5)
ಈಗ ನಮ್ಮ ಚಿಕ್ಕಪ್ಪನ ವ್ಯಾನ್ ಲೆಕ್ಕ. ಕಾಯಿಲೆ ಮೂರು. ಬೆಳಿಗ್ಗೆ ಸೆಲ್ಫ್ ಎಳೆದೂ ಎಳೆದೂ ತಿರುಗೋದು. ಎರಡು ದಿನ ನಿಲ್ಲಿಸಿದ್ರೆ ಪೂರ್ತಿ ಸತ್ತೇ ಹೋಗೋದು. ಬ್ರೇಕ್ ತುಳಿದ್ರೆ ಹಿಂದೆ ಇಂಡಿಕೇಟರ್ ಮಿಣಿಮಿಣಿ ಅನ್ನೋದು. ಎರಡು ಶೆಡ್ಡು ಸುತ್ತಿ ಹೊಸ ಬ್ಯಾಟರಿ, ಡೈನಮೋ, ಸೆಲ್ಫ್ ಮೋಟಾರ್ ಸರ್ವೀಸ್ ಅಂತ ಹತ್ತಿರತ್ತಿರ 11,000 ಹೋಯ್ತು. ಡೈನಮೋ ಬಿಚ್ಚೋಕೆ ಮುಂಚೆ ಅದು ಎಷ್ಟು ಚಾರ್ಜ್ ಕೊಡ್ತಿದೆ ಅಂತ ಒಬ್ರೂ ನೋಡ್ಲಿಲ್ಲ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಇಟ್ರೆ ಸಾಕು, 13.8ರಿಂದ 14.4 ವೋಲ್ಟ್ ಬಂದ್ರೆ ಡೈನಮೋ ಸರಿ ಇದೆ. ಅರ್ಧ ನಿಮಿಷದ ಕೆಲಸ.

ಆಮೇಲೆ ಯಳಂದೂರಲ್ಲಿ ಒಬ್ರು ವಯಸ್ಸಾದ ಎಲೆಕ್ಟ್ರಿಷಿಯನ್ ಸಿಕ್ರು. ಆ ಯಜಮಾನ್ರು ಸ್ಪ್ಯಾನರ್ ಮುಟ್ಟೋಕೆ ಮುಂಚೆ ಮೀಟರ್ ತೆಗೆದ್ರು. ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್‌ನ ಬರಿ ಲೋಹಕ್ಕೆ ಇಟ್ಟು "ಸೆಲ್ಫ್ ಹೊಡೀರಿ" ಅಂದ್ರು. 0.2 ವೋಲ್ಟ್ ಒಳಗೆ ಇರ್ಬೇಕಾದ ಕಡೆ 1.4 ತೋರಿಸ್ತು. ಎಂಜಿನ್ ಕೂತಿರೋದು ರಬ್ಬರ್ ಮೇಲೆ, ರಬ್ಬರಲ್ಲಿ ಕರೆಂಟ್ ಹರಿಯಲ್ಲ. ಅದಕ್ಕೇ ಬಾಡಿಯಿಂದ ಎಂಜಿನ್‌ಗೆ ಜಡೆ ಹೆಣೆದಂಗೆ ಒಂದು ತಾಮ್ರದ ಪಟ್ಟಿ ಇರುತ್ತೆ, ಅದೇ ಅರ್ತಿಂಗ್. ನಮ್ಮದು ಹಸಿರುಗಟ್ಟಿ ಅರ್ಧ ಎಳೆ ಕಿತ್ತುಹೋಗಿತ್ತು. (ಇದು ಪೂರ್ತಿ ಹೋದ್ರೆ ಕರೆಂಟ್ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸ್ ಹೋಗುತ್ತೆ. ಸೆಲ್ಫ್ ಹೊಡೆದಾಗ ಕೇಬಲ್ ಬಿಸಿಯಾದ್ರೆ ಅದೇ ಕಾರಣ ಇರ್ಬಹುದು.)

ಆದ್ರೆ ಅದೊಂದೇ ಅಲ್ಲ. ಗಾಡಿ ಆಫ್ ಮಾಡಿ, ಬಾಗಿಲು ಮುಚ್ಚಿ, ಮೈನಸ್ ವೈರ್ ಬಿಚ್ಚಿ ಮಧ್ಯೆ ಮೀಟರ್ ಸೇರಿಸಿದ್ರು. 0.6 ಆಂಪಿಯರ್ ಸುಮ್ನೆ ಹರೀತಿದೆ! 0.05 ದಾಟಬಾರದು. ಫ್ಯೂಸ್ ಒಂದೊಂದೇ ಕಿತ್ರೂ ಇಳೀಲಿಲ್ಲ, ಯಾಕಂದ್ರೆ ಕದೀತಿದ್ದ ಆಂಪ್ಲಿಫೈಯರ್‌ಗೆ ಫ್ಯೂಸ್ ಬಾಕ್ಸ್ ಬಿಟ್ಟು ನೇರ ಬ್ಯಾಟರಿಯಿಂದಲೇ ವೈರ್ ಎಳೆದಿದ್ರು. 35 ಆಂಪಿಯರ್-ಅವರ್ ಬ್ಯಾಟರಿನ 0.6ರಿಂದ ಭಾಗಿಸಿ: 58 ಗಂಟೆ. ಎರಡು ದಿನಕ್ಕೆ ಸಾಯೋ ಗುಟ್ಟು ಅಲ್ಲಿತ್ತು. ಹಿಂಗೆ ಮತ್ತೆ ಮತ್ತೆ ಪೂರ್ತಿ ಖಾಲಿಯಾದ್ರೆ ಹೊಸ ಬ್ಯಾಟರಿಯೂ ಬೇಗ ಹಾಳಾಗುತ್ತೆ, ಆಗ "ನೋಡಿ, ಬ್ಯಾಟರಿನೇ ಸರಿ ಇಲ್ಲ" ಅನ್ನೋರಿಗೆ ಸಾಕ್ಷಿನೂ ಸಿಕ್ತು!

ಇಂಡಿಕೇಟರ್ ಕಥೆ ಬೇರೆ. ಟೇಲ್ ಲ್ಯಾಂಪ್ ಹೋಲ್ಡರ್‌ನ ಅರ್ತ್ ತುಕ್ಕು ಹಿಡಿದಿತ್ತು. ಬ್ರೇಕ್ ಬಲ್ಬಿನ ಕರೆಂಟ್‌ಗೆ ವಾಪಸ್ ದಾರಿ ಇಲ್ದೆ ಪಕ್ಕದ ಬಲ್ಬಿನೊಳಗೆ ನುಗ್ತಿತ್ತು. ಉಪ್ಪುಕಾಗದದಲ್ಲಿ ಉಜ್ಜಿದ್ರು, ಸರಿ ಆಯ್ತು.

(4/5)
"ಬಲ್ಬ್ ಹಚ್ಚಿ ನೋಡಿದ್ವಿ, ಅರ್ತಿಂಗ್ ಚೆನ್ನಾಗೇ ಇದೆ" ಅಂತ ಮೊದಲನೇ ಶೆಡ್ಡಲ್ಲಿ ಹೇಳಿದ್ರು. ಸುಳ್ಳು ಹೇಳ್ಲಿಲ್ಲ. 21 ವ್ಯಾಟ್ ಬಲ್ಬಿಗೆ 2 ಆಂಪಿಯರ್ ಕೂಡ ಬೇಡ. ಕೊಳೆ ಹಿಡಿದ ಜಾಯಿಂಟಲ್ಲಿ 0.01 ಓಮ್ ತಡೆ ಇದ್ರೆ ಬಲ್ಬಿಗೆ ನಷ್ಟ 0.02 ವೋಲ್ಟ್, ಕಣ್ಣಿಗೇ ಕಾಣಲ್ಲ. ಅದೇ ಜಾಯಿಂಟಲ್ಲಿ ಸೆಲ್ಫ್ ಮೋಟಾರ್ 100 ಆಂಪಿಯರ್ ಎಳೆದ್ರೆ 1 ವೋಲ್ಟ್ ಹೋಯ್ತು. ಆದ್ದರಿಂದ ಭಾರ ಹೊತ್ತಿರುವಾಗಲೇ ಅಳೀಬೇಕು.

ಕರೆಂಟ್ ದಾರಿಯಲ್ಲಿ ಸೋರಿಹೋಗೋ ವಿಷಯ ನಮ್ಮ ಸೀಮೆಗೆ ಹೊಸದೇನಲ್ಲ. 1902ರಲ್ಲೇ ನಮ್ಮ ಪಕ್ಕದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು. ಅಷ್ಟು ದೂರದಲ್ಲಿ ನಷ್ಟ ಎಷ್ಟು ಅಂತ ಲೆಕ್ಕ ಹಾಕಿಯೇ ವೋಲ್ಟೇಜ್ ಏರಿಸಿ ಕಳಿಸಿದ್ರು. ನಾವು ಬ್ಯಾಟರಿಯಿಂದ ಎಂಜಿನ್ ತನಕ, ಒಂದು ಮಾರು ದೂರ, ಅಳೆಯಲ್ಲ ಅಂತೀವಿ.

ಹೆಡ್‌ಲೈಟ್ ಮಂಕು ಅಂತ ದೊಡ್ಡ ಬಲ್ಬ್ ಹಾಕೋ ಅಣ್ಣಂದಿರೇ, ನಿಮಗೂ ಇದೇ. 60 ವ್ಯಾಟ್‌ಗೆ 5 ಆಂಪಿಯರ್, 100 ವ್ಯಾಟ್‌ಗೆ 8ಕ್ಕಿಂತ ಜಾಸ್ತಿ, ಎರಡು ಸೇರಿ 16 ದಾಟ್ತು. ಇಷ್ಟನ್ನ ಹಳೇ ಸ್ವಿಚ್ಚು, ಹಳೇ ವೈರ್ ಹೊರಬೇಕು. ಫ್ಯೂಸ್ ಹೋಯ್ತು ಅಂತ ತಾಮ್ರದ ತಂತಿ ಸುತ್ತಿದ್ರೆ, ಮುಂದೆ ಸುಡೋದು ವೈರಿಂಗೇ. ಎಂಜಿನ್ ಇರೋದು ನಿಮ್ಮ ಸೀಟಿನ ಕೆಳಗೆ, ನೆನಪಿರ್ಲಿ.

(5/5)
ಈಗ ನಮ್ಮ ಸರದಿ. ಯಜಮಾನ್ರು ಎರಡು ಗಂಟೆ ಕೆಲಸಕ್ಕೆ ಕೇಳಿದ್ದು ಸಾಮಾನು ಸೇರಿ 350. ಚಿಕ್ಕಪ್ಪ ಏನಂದ್ರು ಗೊತ್ತಾ? "ಒಂದು ಪಟ್ಟಿ ಹಾಕಿ, ಉಜ್ಜಿದ್ದಕ್ಕೆ ಇಷ್ಟಾ?" 11,000 ಕೊಡುವಾಗ ಚೌಕಾಸಿ ಮಾಡದ ಮನುಷ್ಯ!

ಬಿ.ಕಾಂ. ಮಕ್ಕಳೇ, ಯಾವುದಾದ್ರೂ ಶೆಡ್ಡಿನ ಬಿಲ್ ತೆಗೆದು ನೋಡಿ. ಪಾರ್ಟ್‌ಗೆ ಒಂದು ಸಾಲು, ಫಿಟ್ಟಿಂಗ್‌ಗೆ ಒಂದು ಸಾಲು. ಕಾಯಿಲೆ ಹುಡುಕಿದ್ದಕ್ಕೆ ಸಾಲೇ ಇಲ್ಲ. ಹುಡುಕೋದಕ್ಕೆ ನಾವು ಕೊಡಲ್ಲ, ಪಾರ್ಟ್‌ಗೆ ಕೊಡ್ತೀವಿ. ಹಂಗಾದ್ರೆ ಅವರು ಯಾವುದನ್ನ ಮಾರ್ತಾರೆ? ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂತ ಹೊಸ ಲೆಡ್ಜರ್ ಪುಸ್ತಕ ಕೊಳ್ಳೋಕೆ ಹೇಳಿದ್ರೆ ನಮ್ಮ ಮೇಷ್ಟ್ರು ಚಾಕ್‌ಪೀಸ್ ಎಸೀತಾರೆ. ವ್ಯಾನ್ ವಿಷಯಕ್ಕೆ ಅದನ್ನೇ ಮಾಡ್ತಿದ್ದೀವಿ.

ಬ್ಯಾಟರಿಗೂ ವಯಸ್ಸಾಗುತ್ತೆ, ಡೈನಮೋನೂ ಹೋಗುತ್ತೆ, ಬೇಡ ಅನ್ನಲ್ಲ. ರಾತ್ರಿಯೆಲ್ಲ ನಿಂತ ಗಾಡಿ, ಚೆನ್ನಾಗಿ ಚಾರ್ಜ್ ಆಗಿದ್ರೆ 12.6 ತೋರಿಸ್ಬೇಕು. ಸೆಲ್ಫ್ ಹೊಡೆದಾಗ ಎಲ್ಲಿಗೆ ಇಳೀತು, ಎಂಜಿನ್ ಓಡುವಾಗ ಎಲ್ಲಿಗೆ ಏರ್ತು, ಇಷ್ಟು ನಂಬರ್ ಹೇಳಿದ ಮೇಲೆ ಪಾರ್ಟ್ ಬಿಚ್ಚಲಿ. ಹೇಳದಿದ್ರೆ ಬೀಗದ ಕೈ ವಾಪಸ್ ಇಸ್ಕೊಳ್ಳಿ. ಹೇಳಿದವರಿಗೆ 300 ಕೇಳಿದ್ರೆ 300 ಕೊಡಿ, ಏನೂ ಬದಲಾಯಿಸದೇ ಇದ್ರೂ ಕೊಡಿ.

ಹನೂರು, ಕೊಳ್ಳೇಗಾಲ, ಯಳಂದೂರು ಕಡೆ ಮೊದಲು ಮೀಟರ್ ಇಟ್ಟು ನೋಡೋರು ಯಾರಾದ್ರೂ ಗೊತ್ತಿದ್ರೆ ಕಾಮೆಂಟಲ್ಲಿ ಯಾವ ರಸ್ತೆ ಅಂತ ಹಾಕಿ. ಓಮ್ನಿ ಇರೋ ಮನೆಯವರನ್ನ ಟ್ಯಾಗ್ ಮಾಡಿ.

#ಓಮ್ನಿ #ಕೊಳ್ಳೇಗಾಲ #ಹನೂರು #ಯಳಂದೂರು